ಆಂಡ್ರ್ಯೂ, ಕಾಮ್‌ಸ್ಕೋಪ್, ಮತ್ತ ಆಂಡ್ರ್ಯೂ: ಫೀಡರ್ ಕೇಬಲ್ ಮ್ಯಾಲಿನ ಹೆಸರು ಯಾಕ ಬದಲಾತು?

ಗೋಕುಲರಸ್ತೆ_ಆರ್‌ಎಫ್:
ಹುಬ್ಬಳ್ಳಿ ಗುಜರಿಯೊಳಗ 7/8 ಇಂಚಿನ ಫೀಡರ್ ಕೇಬಲ್ (ರೇಡಿಯೊದಿಂದ ಟವರ್ ಮ್ಯಾಲಿನ ಆಂಟೆನಾಕ್ಕ ಹೋಗೋ ದಪ್ಪ ಕೇಬಲ್) ಎರಡು ತುಂಡು ಅದಾವು, ತಲಾ 45 ಮೀಟರ್. ಒಂದರ ಸಿಪ್ಪಿ ಮ್ಯಾಲೆ ‘ಆಂಡ್ರ್ಯೂ ಹೀಲಿಯಾಕ್ಸ್’, ಇನ್ನೊಂದರ ಮ್ಯಾಲೆ ‘ಕಾಮ್‌ಸ್ಕೋಪ್’ ಅಂತ ಐತಿ. ಈಗಿನ ಕ್ಯಾಟಲಾಗ್ ನೋಡಿದ್ರ ಮತ್ತ ಆಂಡ್ರ್ಯೂ, ಜೋಡಿಗೆ ಆಂಫಿನಾಲ್! ಇವೆಲ್ಲ ಒಂದೇ ಕಂಪನಿನೇನ್ರಿ? ಒಂದರ ಕನೆಕ್ಟರ್ ಇನ್ನೊಂದಕ್ಕ ಕೂಡತಾವೇನು? 145 ಮೆಗಾಹರ್ಟ್ಸ್ ಹ್ಯಾಮ್ ರಿಪೀಟರ್‌ಗೆ (ಹವ್ಯಾಸಿ ರೇಡಿಯೊದವರ ಸಿಗ್ನಲ್ ಹಿಡಿದು ತಿರುಗಿ ದೂರ ಕಳಿಸೋ ಸ್ಟೇಷನ್) ಬೇಕಾಗೈತಿ.

ಧಾರವಾಡ_ತರಂಗ:
ಮನಿತನ ಒಂದೇ ರಿ, ಮಾಲೀಕರು ಬದಲಾದ್ರು. ವಿಕ್ಟರ್ ಆಂಡ್ರ್ಯೂ 1937ರಾಗ ಶಿಕಾಗೋದೊಳಗ ಈ ಕಂಪನಿ ಶುರು ಮಾಡಿದ್ರು. ಆಗಿನ ಗಿರಾಕಿಗಳು ಎಎಂ ರೇಡಿಯೊ ಸ್ಟೇಷನ್‌ಗಳು. ಎಎಂ ಅಂದ್ರ ನಮ್ಮ ಧಾರವಾಡ ಆಕಾಶವಾಣಿನ ತಗೊಳ್ರಿ: 765 ಕಿಲೋಹರ್ಟ್ಸ್, ಅಂದ್ರ 392 ಮೀಟರ್ ತರಂಗಾಂತರ. ಅಷ್ಟು ಕೆಳಗಿನ ಫ್ರೀಕ್ವೆನ್ಸಿಯೊಳಗ ಕೇಬಲ್ ತಿನ್ನೋ ಪವರ್ ಲೆಕ್ಕಕ್ಕ ಬರಂಗಿಲ್ಲ. ಫ್ರೀಕ್ವೆನ್ಸಿ ಏರಿದಂಗ ಕರೆಂಟ್ ತಾಮ್ರದ ಚರ್ಮದ ಮ್ಯಾಲಷ್ಟೇ ಹರೀತೈತಿ, ಲಾಸ್ ಸುಮಾರಾಗಿ ಫ್ರೀಕ್ವೆನ್ಸಿಯ ವರ್ಗಮೂಲದ ಲೆಕ್ಕದಾಗ ಬೆಳೀತೈತಿ. ಟಿವಿ, ಮೈಕ್ರೋವೇವ್ ಬಂದ ಮ್ಯಾಲೆ ಗಟ್ಟಿ ತಾಮ್ರದ ಕೊಳವಿನೇ ಬೇಕಾತು. ಆದ್ರ ಕೊಳವಿನ ಸುತ್ತಿ ಲಾರಿಯೊಳಗ ಒಯ್ಯೋದು ಹ್ಯಾಂಗ? ಕೊಳವಿಗೆ ಸುಕ್ಕು ಹಾಕಿದ್ರ ಅದು ಬಾಗತೈತಿ, ಒಡೆಯಂಗಿಲ್ಲ. ಅದ ಹೀಲಿಯಾಕ್ಸ್. ನನ್ನ ಪ್ರಕಾರ ಈ ಕಂಪನಿಯ ಖರೇ ಆಸ್ತಿ ಅಂದ್ರ ಇದೊಂದ.

ಆಮ್ಯಾಲಿಂದು ಬ್ಯಾಗ ಹೇಳತೀನಿ. 2003ರಾಗ ಆಂಡ್ರ್ಯೂನವರು ಅಲೆನ್ ಟೆಲಿಕಾಂ ಕೊಂಡ್ರು, ಅದರ ಜೋಡಿ ಡೆಸಿಬೆಲ್ ಹೆಸರಿನ ಬೇಸ್ ಸ್ಟೇಷನ್ ಆಂಟೆನಾಗಳೂ ಬಂದ್ವು. 2007ರ ಡಿಸೆಂಬರ್‌ದಾಗ ನಾರ್ತ್ ಕೆರೊಲಿನಾದ ಕಾಮ್‌ಸ್ಕೋಪ್ ಸುಮಾರು 265 ಕೋಟಿ ಡಾಲರ್‌ಗೆ ಇಡೀ ಆಂಡ್ರ್ಯೂನ ತಗೊಂತು. 2024ರಾಗ ಅದೇ ಕಾಮ್‌ಸ್ಕೋಪ್ ಆಂಟೆನಾ-ಕೇಬಲ್ ಧಂದೆನ ಸುಮಾರು 210 ಕೋಟಿ ಡಾಲರ್‌ಗೆ ಆಂಫಿನಾಲ್‌ಗೆ ಮಾರತೀವಿ ಅಂತ ಹೇಳಿತು, 2025ರ ಆರಂಭಕ್ಕ ವ್ಯವಹಾರ ಮುಗೀತು. ಆಂಫಿನಾಲ್‌ನವರು ಹಳೇ ಹೆಸರು ತಿರುಗಿ ತಂದ್ರು. ಆಂಫಿನಾಲ್ ಹುಟ್ಟಿದ್ದೂ ಶಿಕಾಗೋದೊಳಗ, 1932ರಾಗ. ಮಗಳು ತವರೂರಿಗೆ ತಿರುಗಿ ಬಂದಂಗ ಆತು ನೋಡ್ರಿ.

ಕಪ್ಪತಗುಡ್ಡ_ಟವರ್:
ಇತಿಹಾಸ ಬರೋಬ್ಬರಿ ಹೇಳ್ಯಾರ. ಕನೆಕ್ಟರ್ ವಿಷಯ ನಾ ಹೇಳತೀನಿ. ಕಂಪನಿ ಹೆಸರು ಬಿಡ್ರಿ, ಸಿಪ್ಪಿ ಮ್ಯಾಲಿನ ನಂಬರ್ ಓದ್ರಿ. ಎಲ್‌ಡಿಎಫ್5-50ಎ ಅಂತಿದ್ರ ಅದಕ್ಕ ಅದರದೇ ಕನೆಕ್ಟರ್, ಎವಿಎ5-50 ಅಂತಿದ್ರ ಅದಕ್ಕ ಬ್ಯಾರೆ. ಎರಡೂ 7/8 ಇಂಚು, ಎರಡೂ 50 ಓಮ್, ಆದ್ರ ಸುಕ್ಕಿನ ಅಳತಿ ಬ್ಯಾರೆ. ಜಬರದಸ್ತಿಯಿಂದ ಕೂಡಿಸಿದ್ರ ಕೂತಂಗ ಕಾಣತೈತಿ, ಗಾಳಿಗೆ ಅಲಗಾಡಿ ವಿಎಸ್‌ಡಬ್ಲ್ಯುಆರ್ (ಪವರ್ ಎಷ್ಟು ತಿರುಗಿ ಬರತೈತಿ ಅನ್ನೋ ಅಳತಿ) ಏರಿಳಿತೈತಿ.

ಗುಜರಿ ಮಾಲು ತಗೊಳ್ಳೂ ಮುಂಚೆ ಎರಡೂ ತುದಿ ಒಂದೊಂದು ಗೇಣು ಕತ್ತರಿಸಿ ನೋಡ್ರಿ. ತಾಮ್ರ ಹೊಸಾ ಪೈಸಾದಂಗ ಕೆಂಪಗ ಹೊಳೀಬೇಕು. ಹಸಿರು ಇಲ್ಲಾ ಕಪ್ಪು ಹಿಡಿದಿದ್ರ ಇನ್ನೊಂದು ಗೇಣು ಕತ್ತರಿಸ್ರಿ, ಒಂದು ಮೀಟರ್ ಹೋದ್ರೂ ಹಸಿರು ಬಿಡಲಿಲ್ಲಂದ್ರ ಆ ತುಂಡು ಬ್ಯಾಡ. ನಡುವಿನ ಕೊಳವಿಗೂ ಹೊರಗಿನ ತಾಮ್ರಕ್ಕೂ ಮಲ್ಟಿಮೀಟರ್ ಹಚ್ಚಿದ್ರ 20 ಮೆಗಾಓಮ್ ರೇಂಜಿನಾಗೂ ಓಪನ್ (ಎರಡೂ ಎಲ್ಲೂ ಕೂಡಿಲ್ಲ ಅಂತ) ತೋರಿಸಬೇಕು. ಎಲ್‌ಡಿಎಫ್‌ದಾಗ ಸುಕ್ಕು ಬಳಿಯಂಗ ಬಿಡಿ ಬಿಡಿ ಇರತಾವು, ನೀರು ಬಂದ್ರೂ ದೂರ ಹೋಗಂಗಿಲ್ಲ. ಸೂಪರ್‌ಫ್ಲೆಕ್ಸಿಬಲ್ ಜಂಪರ್‌ದಾಗ (ತುದಿಗೆ ಕೂಡಿಸೋ, ಸಲೀಸಾಗಿ ಬಾಗೋ ಗಿಡ್ಡ ಕೇಬಲ್) ಸುಕ್ಕು ಸ್ಕ್ರೂ ಮ್ಯಾಲಿನ ಸುರುಳಿಯಂಗ ಸುತ್ತಿರತೈತಿ. ಅಲ್ಲಿ ಒಂದು ಹನಿ ಹೊಕ್ಕರ ಸುರುಳಿ ಹಿಡಕೊಂಡ ಒಳಗ ನಡೀತೈತಿ. ಹಳೇ ಜಂಪರ್ ಅದಕ್ಕ ಬ್ಯಾಡ್ರಿ.

ಕಲಘಟಗಿ, ಅಳ್ನಾವರ ಕಡೆ ಮಳಿ, ಗದಗ ಕಡೆ ಬಿಸಲು. ಎರಡಕ್ಕೂ ಕನೆಕ್ಟರ್ ಮ್ಯಾಲೆ ಟೇಪ್ ಹಿಂಗ ಸುತ್ರಿ: ಮೊದಲ ವಿನೈಲ್ ಟೇಪ್ ಒಂದು ಪದರ (ಮುಂದ ಬಿಚ್ಚುವಾಗ ಅಂಟು ಕನೆಕ್ಟರ್‌ಗೆ ಹಿಡೀಬಾರದು), ಅದರ ಮ್ಯಾಲೆ ಬ್ಯುಟೈಲ್ ರಬ್ಬರ್ ಟೇಪ್ ಒಂದು ಪದರ, ಮತ್ತ ವಿನೈಲ್ ಮೂರು ಪದರ. ಅರ್ಧರ್ಧ ಮ್ಯಾಲೇರಿರಬೇಕು. ಕಟ್ಟಕಡೀ ಪದರ ಕೆಳಗಿಂದ ಮ್ಯಾಲಕ್ಕ, ಮನಿಗೆ ಹಂಚು ಹೊದಿಸಿದಂಗ. ಟೇಪ್ ಎಳದು ಹರೀಬ್ಯಾಡ್ರಿ, ಚಾಕುಲೆ ಕೊಯ್ರಿ. ಎಳದ ತುದಿ ಕುಗ್ಗಿ ತಾನಾಗೇ ಬಿಚ್ಚತೈತಿ.

ಮೀಟರಿಗೊಂದು ಕ್ಲ್ಯಾಂಪ್. ಬಾಗಿಸೋ ತ್ರಿಜ್ಯ 250 ಮಿಲಿಮೀಟರ್‌ಗಿಂತ ಕಡಿಮಿ ಬ್ಯಾಡ. ಅರ್ಥಿಂಗ್ ಕಿಟ್ (ಸಿಡಿಲಿನ ಕರೆಂಟ್ ಭೂಮಿಗೆ ಇಳಿಸೋ ಜೋಡಣಿ) ಮ್ಯಾಲೊಂದು, ಟವರ್ ಬುಡದಾಗ ಕೇಬಲ್ ಬಾಗೂ ಮುಂಚೆ ಒಂದು, ಖೋಲಿ ಒಳಗ ಹೋಗೂ ಮುಂಚೆ ಒಂದು. ವೈರ್ ಕೆಳಮುಖನ ಇರಬೇಕು.

ಹಾವೇರಿ_73:
ಲಾಸ್ ಲೆಕ್ಕ ನಾ ಕೂಡಿಸತೀನಿ. 150 ಮೆಗಾಹರ್ಟ್ಸ್ ಹತ್ರ ಎಲ್‌ಡಿಎಫ್5 ಲಾಸ್ 100 ಮೀಟರ್‌ಗೆ ಸುಮಾರು 1.5 ಡಿಬಿ (ಡೆಸಿಬೆಲ್, ಪವರ್ ಎಷ್ಟು ಕುಗ್ಗಿತು ಅನ್ನೋ ಅಳತಿ). 45 ಮೀಟರ್‌ಗೆ 0.7 ಡಿಬಿ ಹಿಡೀರಿ, 50 ವ್ಯಾಟ್ ಕೊಟ್ರ ಮ್ಯಾಲೆ 42-43 ವ್ಯಾಟ್ ಮುಟ್ಟತೈತಿ. ಅಷ್ಟ ಉದ್ದದ ಆರ್‌ಜಿ-213 (ಇದಕ್ಕಿಂತ ತೆಳು ಕೇಬಲ್) ಹಾಕಿದ್ರ ಅರ್ಧಕ್ಕಿಂತ ಜಾಸ್ತಿ ದಾರಿಯೊಳಗ ಹೋಗತೈತಿ.

ಅನಲೈಜರ್‌ದಾಗ (ಕೇಬಲ್, ಆಂಟೆನಾ ಪರೀಕ್ಷಾ ಮಾಡೋ ಯಂತ್ರ) ಫಾಲ್ಟ್ ದೂರ ನೋಡೋದಿದ್ರ ಎಲ್‌ಡಿಎಫ್5ಕ್ಕ ವೆಲಾಸಿಟಿ (ಬೆಳಕಿನ ವೇಗಕ್ಕ ಹೋಲಿಸಿದ್ರ ಕೇಬಲ್‌ದಾಗ ಸಿಗ್ನಲ್ ವೇಗ) 0.89 ಹಾಕ್ರಿ. 1.00 ಬಿಟ್ರ 40 ಮೀಟರ್‌ದಾಗಿನ ದೋಷ 45ರಾಗ ಕಾಣತೈತಿ, ಕೆಟ್ಟ ಜಂಪರ್ ಬಿಟ್ಟು ಚಲೋ ಆಂಟೆನಾನ ಇಳಿಸಿ ಕೂಡತೀರಿ.

ಗೋಕುಲರಸ್ತೆ_ಆರ್‌ಎಫ್:
ನೋಡಿದ್ನಿ ರಿ. ಆಂಡ್ರ್ಯೂ ತುಂಡು ಎಲ್‌ಡಿಎಫ್5-50ಎ, ಕಾಮ್‌ಸ್ಕೋಪ್ ತುಂಡು ಎವಿಎ5-50. ಎವಿಎ5ರ ಒಂದು ತುದಿ ಎರಡು ಗೇಣು ಕತ್ತರಿಸಿದ್ರೂ ಹಸಿರ ಐತಿ. ಎಲ್‌ಡಿಎಫ್5 ಅಷ್ಟ ತಗೋತೀನಿ, ಕನೆಕ್ಟರ್ ಅದರದ ಎರಡು.