ಪೈನ್ ಐಲ್ಯಾಂಡ್ ಐಸ್ ಶೆಲ್ಫ್: ಕರಗುವ ನಕ್ಷೆ ಪೂರ್ತಿ ಪಟ್ಟಾಪಟ್ಟಿ, ಯಾರಾದರೂ ನೋಡಿ

ಕಡಲಹಾದಿ:
ತಲೆ ಕೆಟ್ಟುಹೋಗಿದೆ. ಎಂಐಟಿಜಿಸಿಎಂನಲ್ಲಿ (ಸಮುದ್ರದ ಕಂಪ್ಯೂಟರ್ ಮಾದರಿ) ಅಂಟಾರ್ಕ್ಟಿಕಾದ ಪೈನ್ ಐಲ್ಯಾಂಡ್ ಐಸ್ ಶೆಲ್ಫ್ (ಸಮುದ್ರದ ಮೇಲೆ ತೇಲುವ ಐಸ್ ಹಲಗೆ) ರನ್ ಮಾಡುತ್ತಿದ್ದೇನೆ. ಐಸ್‌ನ ತಳದಲ್ಲಿ ಗ್ರಿಡ್‌ನ ಒಂದು ಸಾಲು ಜೋರಾಗಿ ಕರಗುತ್ತದೆ, ಪಕ್ಕದ ಸಾಲು ಕರಗುವುದೇ ಇಲ್ಲ. ಆಳದ ನೀರು +1 ಡಿಗ್ರಿ ಕೊಟ್ಟಿದ್ದೇನೆ, ಉಪ್ಪು ಸರಿಯಿದೆ, ಮಿಕ್ಕಿದ್ದೆಲ್ಲ ಮಾಮೂಲಿ ಸೆಟ್ಟಿಂಗ್. ಎಲ್ಲಿ ಎಡವಟ್ಟು?

ಉಪ್ಪುನೀರು:
ಇದು ಗಾಮಾ (ನೀರು-ಐಸ್ ನಡುವೆ ಬಿಸಿ, ಉಪ್ಪು ಸಾಗುವ ವೇಗ) ಸಮಸ್ಯೆನೇ. ಡೀಫಾಲ್ಟ್‌ನಲ್ಲಿ ಬಿಸಿಯ ಗಾಮಾ, ಅಂದರೆ ಗಾಮಾ-ಟಿ, ಸೆಕೆಂಡಿಗೆ 0.0001 ಮೀಟರ್ ಅಂತ ಕೂತಿರುತ್ತದೆ, ನೀರು ನಿಂತರೂ ಹರಿದರೂ ಅಷ್ಟೇ. ಹರಿವಿನ ವೇಗಕ್ಕೆ ತಕ್ಕಂತೆ ಗಾಮಾ ಬದಲಿಸುವ ಗಾಮಾಫ್ರಿಕ್ಟ್ ಆನ್ ಮಾಡಿ.

ಕಡಲಹಾದಿ:
ಅದು ಮೊದಲಿಂದಲೂ ಆನ್ ಇದೆ ಸರ್.

ಉಪ್ಪುನೀರು:
ಹಾಗಾದ್ರೆ ಡ್ರ್ಯಾಗ್ (ಐಸ್ ತಳದ ಘರ್ಷಣೆಯ ಗುಣಾಂಕ) 0.0025 ಇದೆಯಾ ನೋಡಿ. ಗಾಮಾ-ಟಿ ಏರಿಸಿ, ಉಪ್ಪಿನ ಗಾಮಾ-ಎಸ್ ಅನ್ನು ಅದರ 35ನೇ ಒಂದು ಭಾಗ ಇಡಿ.

ತಳಮಟ್ಟ:
ಗಾಮಾ ಏರಿಸಿದರೆ ಪಟ್ಟೆ ಇನ್ನೂ ಎದ್ದು ಕಾಣುತ್ತದೆ, ಹೋಗಲ್ಲ. ಕಡಲಹಾದಿಯವರೇ, ಪದರದ ದಪ್ಪ ಎಷ್ಟು? ಪಾರ್ಶಿಯಲ್ ಸೆಲ್‌ನ (ಐಸ್‌ಗೆ ತಾಗಿ ಭಾಗಶಃ ಮಾತ್ರ ನೀರಿರುವ ಗ್ರಿಡ್ ಕೋಶದ) ಕನಿಷ್ಠ ಭಾಗ ಎಷ್ಟು? ಇದನ್ನು ಹೇಳದೆ ಏನು ಹೇಳುವುದು?

ಸಿಗ್ಮಾ_ಅಣ್ಣ:
ಮಟ್ಟಸವಾದ ಝಡ್ ಪದರ ಬಿಟ್ಟು ರೋಮ್ಸ್ ಅನ್ನೋ ಇನ್ನೊಂದು ಮಾದರಿಗೆ ಬನ್ನಿ. ಅದರಲ್ಲಿ ಪದರಗಳು ಐಸ್‌ನ ತಳ ಹಿಡಿದೇ ಹೋಗುತ್ತವೆ. ನಮ್ಮ ಹೊಸ 128 ಕೋರ್ ಮಷಿನ್‌ನಲ್ಲಿ ರಾತ್ರಿ ಹಾಕಿದರೆ ಬೆಳಗ್ಗೆಗೆ ರೆಡಿ.

ತಳಮಟ್ಟ:
ಐಸ್ ಮುಂಭಾಗದ ಗೋಡೆ ಹತ್ತಿರ ರೋಮ್ಸ್‌ನಲ್ಲಿ ಪ್ರೆಶರ್ ಗ್ರೇಡಿಯೆಂಟ್ ಎರರ್ (ಪದರ ಕಡಿದಾಗಿ ಬಾಗಿದಾಗ ಒತ್ತಡದ ಲೆಕ್ಕ ತಪ್ಪುವುದು) ಬರುತ್ತದಲ್ಲ, ಅದಕ್ಕೇನು ಮಾಡ್ತೀರಿ?

ಸಿಗ್ಮಾ_ಅಣ್ಣ:
ಟೋಪೋ (ಐಸ್, ಸಮುದ್ರತಳದ ಆಕಾರ) ಸ್ಮೂತ್ ಮಾಡ್ತೀವಿ.

ತಳಮಟ್ಟ:
ಅಲ್ಲಿಗೆ ಗೋಡೆಯೇ ಹೋಯಿತು ಅಲ್ವಾ.

ಕಡಲಹಾದಿ:
ಪದರ 20 ಮೀಟರ್, ಕನಿಷ್ಠ ಭಾಗ 0.1.

ತಳಮಟ್ಟ:
ಸಿಕ್ಕಿತು. ಅಂದರೆ ಕೆಲವು ಸೆಲ್ ಬರೀ 2 ಮೀಟರ್. ಕರಗಿ ಬಂದ ತಣ್ಣನೆಯ ಸಿಹಿನೀರು ಅಷ್ಟರಲ್ಲೇ ಸಿಕ್ಕಿಹಾಕಿಕೊಂಡು ಸೆಲ್ ಹೆಪ್ಪುಗಟ್ಟುವ ಹಂತಕ್ಕೆ ಬರುತ್ತದೆ, ಕರಗುವುದು ನಿಲ್ಲುತ್ತದೆ. ಪಕ್ಕದ 20 ಮೀಟರ್ ಸೆಲ್‌ನಲ್ಲಿ ಬಿಸಿ ಉಳಿದಿರುತ್ತದೆ. ಐಸ್‌ನ ತಳ ಇಳಿಜಾರು, ಹಾಗಾಗಿ ಸೆಲ್ ದಪ್ಪ ಸಾಲುಸಾಲಾಗಿ ಬದಲಾಗಿ ಪಟ್ಟೆ ಬೀಳುತ್ತದೆ. ಒಂದು ಪೂರ್ತಿ ಪದರದಷ್ಟು ದಪ್ಪಕ್ಕೆ ಸರಾಸರಿ ತೆಗೆಯುವ ಉಪಾಯವನ್ನು ವಿಜ್ಞಾನಿ ಮಾರ್ಟಿನ್ ಲಾಶ್ 2008ರಲ್ಲೇ ಕೊಟ್ಟಿದ್ದಾರೆ. ಅದಕ್ಕಿರುವ ಶೆಲ್ಫ್‌ಐಸ್ ಬೌಂಡರಿಲೇಯರ್ ಸೆಟ್ಟಿಂಗ್ ಟ್ರೂ ಮಾಡಿ.

ಕಡಲಹಾದಿ:
ತುಂಬಾ ಥ್ಯಾಂಕ್ಸ್, ಪಟ್ಟೆ ಬಹುತೇಕ ಹೋಯಿತು! ಆದರೆ ಗ್ರೌಂಡಿಂಗ್ ಲೈನ್ (ಐಸ್ ನೆಲ ಬಿಟ್ಟು ತೇಲಲು ಶುರುವಾಗುವ ಗೆರೆ) ಹತ್ತಿರ ಕರಗುವುದು ಇನ್ನೂ ತೀರಾ ಕಡಿಮೆ. 1000 ಮೀಟರ್ ಆಳದಲ್ಲಿ ಹೆಪ್ಪುಗಟ್ಟುವುದು ಸುಮಾರು −2.6 ಡಿಗ್ರಿಗೆ. +1ರ ನೀರು ಅಲ್ಲಿ ಮುಟ್ಟಿದರೆ ಮೂರೂವರೆ ಡಿಗ್ರಿ ವ್ಯತ್ಯಾಸ, ಜೋರಾಗಿ ಕರಗಲೇಬೇಕು.

ಉಪ್ಪುನೀರು:
ಈಗಲಾದರೂ ಗಾಮಾ ಏರಿಸಿ.

ತಳಮಟ್ಟ:
ಬೇಡ. ಮೊದಲು ಆ ನೀರು ಅಲ್ಲಿಗೆ ಮುಟ್ಟುತ್ತಿದೆಯಾ ನೋಡಿ. 2009ರಲ್ಲಿ ಆಟೋಸಬ್3 ಎಂಬ ಚಾಲಕನಿಲ್ಲದ ಜಲಾಂತರ್ಗಾಮಿ ಈ ಐಸ್ ಕೆಳಗೆ ಹೋದಾಗ ಸಮುದ್ರದ ತಳದಲ್ಲಿ ಅಡ್ಡಲಾಗಿ ದೊಡ್ಡ ದಿಣ್ಣೆ ಕಂಡಿತ್ತು. ದಿಣ್ಣೆಗೂ ಐಸ್‌ಗೂ ನಡುವೆ ನಿಮ್ಮ ಗ್ರಿಡ್‌ನಲ್ಲಿ ಎಷ್ಟು ಸೆಲ್ ತೆರೆದಿವೆ? ಉದ್ದಕ್ಕೆ ಸೀಳಿದ ಚಿತ್ರ ಹಾಕಿ.