ಹಾರ್ಟ್‌ಮನ್ ಸಂಖ್ಯೆ ಏರಿದಂತೆ ಸೀಸ-ಲಿಥಿಯಂ ಹರಿವಿನ ಲೆಕ್ಕ ಏಕೆ ಕೆಡುತ್ತದೆ?

ಪ್ರಶ್ನೆ (ಎಂ.ಟೆಕ್. ವಿದ್ಯಾರ್ಥಿನಿ, ಸುರತ್ಕಲ್)

ಎಲ್ಲರಿಗೂ ನಮಸ್ಕಾರ. ಸಮ್ಮಿಳನ ರಿಯಾಕ್ಟರಿನ ಬ್ಲ್ಯಾಂಕೆಟ್‌ನಲ್ಲಿ (ಪ್ಲಾಸ್ಮಾವನ್ನು ಸುತ್ತುವರಿದ ಹೊದಿಕೆಯಲ್ಲಿ) ಶಾಖವನ್ನು ಹೊರತರಲೂ ಇಂಧನವಾದ ಟ್ರಿಟಿಯಂ ಉತ್ಪಾದಿಸಲೂ ಬಳಸಬಹುದಾದ ಸೀಸ-ಲಿಥಿಯಂ ದ್ರವಲೋಹದ ಹರಿವನ್ನು ಓಪನ್‌ಫೋಮ್ ಎಂಬ ಹರಿವು-ಲೆಕ್ಕದ ತಂತ್ರಾಂಶದಲ್ಲಿ ಸಿಮ್ಯುಲೇಟ್ ಮಾಡುತ್ತಿದ್ದೇನೆ. ನಾಳ ಚೌಕಾಕಾರದ್ದು, ಅರ್ಧ ಅಗಲ 5 ಸೆಂ.ಮೀ.; ಗೋಡೆಗಳು ವಿದ್ಯುತ್ ನಿರೋಧಕ. ಹಾರ್ಟ್‌ಮನ್ ಸಂಖ್ಯೆ (ಸ್ನಿಗ್ಧತೆಯ ಬಲದೆದುರು ಕಾಂತೀಯ ಬಲ ಎಷ್ಟು ಪ್ರಬಲ ಎಂಬುದರ ಅಳತೆ) 100 ಇದ್ದಾಗ ಉತ್ತರವು ಇಂಥ ನಾಳಕ್ಕೆ ಶರ್ಕ್ಲಿಫ್ 1953ರಲ್ಲಿ ಕೊಟ್ಟ ಗಣಿತದ ಪರಿಹಾರಕ್ಕೆ ಚೆನ್ನಾಗಿ ಹೊಂದುತ್ತದೆ. ಕಾಂತಕ್ಷೇತ್ರವನ್ನು 1 ಟೆಸ್ಲಾಕ್ಕೆ ಏರಿಸಿ ಆ ಸಂಖ್ಯೆಯನ್ನು 1000ಕ್ಕೆ ತಂದೊಡನೆ ನಾಳದ ನಡುವಿನ ವೇಗ ಏರುಪೇರಾಗುತ್ತದೆ. ಮೆಶ್ಶನ್ನು (ಲೆಕ್ಕಕ್ಕಾಗಿ ನಾಳವನ್ನು ಸೆಲ್‌ಗಳಾಗಿ ಒಡೆದ ಜಾಲವನ್ನು) ಎಲ್ಲ ಕಡೆ ಇನ್ನಷ್ಟು ಸಣ್ಣದು ಮಾಡಿದರೆ ಸಾಕೇ?

ಉತ್ತರ (ಮಣಿಪಾಲ)

ಎಲ್ಲ ಕಡೆ ಬೇಡ. ಕ್ಷೇತ್ರಕ್ಕೆ ಲಂಬವಾಗಿರುವ ಗೋಡೆಗಳ ಮೇಲೆ ವೇಗ ಸೊನ್ನೆಗೆ ಇಳಿಯುವ ಹಾರ್ಟ್‌ಮನ್ ಪದರದ ದಪ್ಪ ನಿಮ್ಮ ನಾಳದಲ್ಲಿ ಸುಮಾರು 0.05 ಮಿ.ಮೀ. ಮಾತ್ರ; ಅದರೊಳಗೆ ಐದಾರು ಸೆಲ್‌ಗಳಾದರೂ ಇರಲಿ. ಸಮಾಂತರ ಗೋಡೆಗಳ ಪದರ ಸುಮಾರು 1.6 ಮಿ.ಮೀ. ಇರುವುದರಿಂದ ಅಲ್ಲಿ ಅಷ್ಟು ಕಷ್ಟವಿಲ್ಲ.

ಉತ್ತರ (ಉಡುಪಿ)

ಮೇಲಿನವರ ಮಾತು ಸರಿ, ಆದರೆ ಬೇರು ಇನ್ನೂ ಆಳದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ನಾಳದ ನಡುಭಾಗದಲ್ಲಿ ಹರಿವಿನಿಂದ ಹುಟ್ಟುವ ವಿದ್ಯುತ್ ಪ್ರೇರಣೆಯನ್ನು ವಿದ್ಯುತ್ ವಿಭವದ (ವೋಲ್ಟೇಜಿನ) ಇಳಿಜಾರು ಬಹುಪಾಲು ಅಳಿಸಿಹಾಕುತ್ತದೆ. ಪ್ರವಾಹವಾಗಿ ಉಳಿಯುವುದು ಸುಮಾರು ಸಾವಿರದಲ್ಲೊಂದು ಪಾಲು. ಲೊರೆಂಟ್ಸ್ ಬಲ (ಕಾಂತಕ್ಷೇತ್ರದಲ್ಲಿ ಪ್ರವಾಹದ ಮೇಲಾಗುವ ಬಲ) ಹುಟ್ಟುವುದು ಆ ಶೇಷದಿಂದಲೇ ಆದ್ದರಿಂದ, ವಿಭವವನ್ನು ಕಂಡುಹಿಡಿಯುವ ಪಾಯ್ಸಾನ್ ಸಮೀಕರಣದಲ್ಲಿ ಉಳಿದ ಅಲ್ಪ ದೋಷವೂ ಬಲದಲ್ಲಿ ದೊಡ್ಡದಾಗಿ ಕಾಣುತ್ತದೆ. ಸಂಖ್ಯೆ 100 ಇದ್ದಾಗ ಶೇಷ ನೂರರಲ್ಲೊಂದು ಪಾಲು ಇತ್ತು, ಅದಕ್ಕೇ ಲೆಕ್ಕ ತಾಳಿಕೊಂಡಿತು. ವಿಭವದ ಟಾಲರೆನ್ಸನ್ನು (ಲೆಕ್ಕದಲ್ಲಿ ಒಪ್ಪುವ ದೋಷದ ಮಿತಿಯನ್ನು) ಬಿಗಿಗೊಳಿಸಿ. ಪ್ರವಾಹವನ್ನು ಸೆಲ್‌ನ ಮುಖಗಳ ಮೇಲೆಯೇ ಲೆಕ್ಕಹಾಕಿ, ಪ್ರತಿ ಸೆಲ್‌ಗೂ ಒಳಬಂದಷ್ಟೇ ಹೊರಹೋಗುವುದನ್ನು ಖಚಿತಪಡಿಸಿಕೊಂಡ ಮೇಲಷ್ಟೇ ಸೆಲ್‌ನ ಕೇಂದ್ರಕ್ಕೆ ತನ್ನಿ. ಮಿಂಗ್-ಜಿಯು ನಿ ಮತ್ತು ಸಹೋದ್ಯೋಗಿಗಳು 2007ರಲ್ಲಿ ವಿವರಿಸಿದ ವಿಧಾನ ಇದೇ.

ಪ್ರಶ್ನೆ ಕೇಳಿದವರು

ಧನ್ಯವಾದಗಳು ಸರ್. ಮುಂದೆ 2 ಮಿ.ಮೀ. ದಪ್ಪದ ಉಕ್ಕಿನ ಗೋಡೆ ಸೇರಿಸಬೇಕಾಗಿದೆ. ಆಗಲೂ ಇದೇ ತೊಂದರೆಯೇ?

ಉತ್ತರ (ಉಡುಪಿ)

ಆಗ ಪ್ರವಾಹ ಗೋಡೆಯ ಮೂಲಕ ಸುಲಭವಾಗಿ ಸುತ್ತು ಮುಗಿಸುವುದರಿಂದ ಶೇಷ ಅಷ್ಟು ಸಣ್ಣದಾಗಿರುವುದಿಲ್ಲ. ಆದರೆ ಒತ್ತಡದ ಇಳಿಕೆ ಸುಮಾರು ಐವತ್ತು ಪಟ್ಟು ಹೆಚ್ಚುತ್ತದೆ, ಪಕ್ಕದ ಗೋಡೆಗಳ ಬಳಿ ವೇಗದ ಜೆಟ್‌ಗಳೂ ಏಳುತ್ತವೆ. ಪ್ರವಾಹ ಗೋಡೆಗೆ ಹೋಗದಂತೆ ತಡೆಯಲು ನಾಳದೊಳಗೆ ಸಿಲಿಕಾನ್ ಕಾರ್ಬೈಡ್‌ನ ಒಳಪದರ ಕೂರಿಸುವ ಯೋಚನೆ ಹುಟ್ಟಿದ್ದು ಇದಕ್ಕಾಗಿಯೇ. ಮೊದಲು ವಾಹಕ ಗೋಡೆಗಳಿರುವ ನಾಳಕ್ಕೆ ಹಂಟ್ 1965ರಲ್ಲಿ ಕೊಟ್ಟ ಪರಿಹಾರದೊಂದಿಗೆ ಹೋಲಿಸಿ ನೋಡಿ, ಅನಂತರ ಉಕ್ಕಿಗೆ ಹೋಗಿ.