ಸಹಾಯ ಬೇಕು: ಅಗ್ಗದ .22 ತೋಟಾ ಹಾರುತ್ತಿಲ್ಲ

ನಮಸ್ಕಾರ. ಇರೋದು ಟೆಕ್ಸಾಸ್‌ನಲ್ಲಿ, ಊರು ಮಡಿಕೇರಿ ಕಡೆ. ಮಗಳಿಗೆ ಗುರಿ ಕಲಿಸೋಕೆ ಅಂತ 500 ತೋಟಾಗಳ ಅಗ್ಗದ ಡಬ್ಬಿ ತಂದೆ, .22 ಎಲ್‌ಆರ್ (ಲಾಂಗ್ ರೈಫಲ್), ಗುಂಡಿನ ತೂಕ 36 ಗ್ರೇನ್. ಶನಿವಾರ ಮೊದಲ ನೂರರಲ್ಲಿ ಒಂಬತ್ತು ಹಾರಲೇ ಇಲ್ಲ, ಬರೀ ಟಕ್ ಅಂತ ಶಬ್ದ. ನಳಿಗೆಯನ್ನ ಗುರಿ ಕಡೆಗೇ ಹಿಡಿದು ಅರ್ಧ ನಿಮಿಷ ಕಾದು ತೆಗೆದೆ. ತೋಟಾದ ಹಿಂಬದಿ ಅಂಚಿನ ಮೇಲೆ, ಹೊಡೆಯೋ ಪಿನ್ನಿನ ಗುರುತು ಆಳವಾಗಿಯೇ ಬಿದ್ದಿತ್ತು. ಸ್ವಲ್ಪ ತಿರುಗಿಸಿ ಮತ್ತೆ ಹಾಕಿದಾಗ ಆರು ಹಾರಿದವು. ಈ ತೋಟಾಗಳಲ್ಲಿ ಕಿಡಿಮದ್ದು ಅಂಚಿನೊಳಗೆ ಸುತ್ತಲೂ ಹರಡಿರಬೇಕಲ್ಲ, ಎಲ್ಲೋ ಖಾಲಿ ಉಳಿದಿದೆ ಅನ್ನೋದು ನನ್ನ ಅನುಮಾನ.

ಭಯ ಹುಟ್ಟಿಸಿದ್ದು ಇನ್ನೊಂದು. ಒಂದು ತೋಟಾ ತೀರಾ ಮೆತ್ತಗೆ ‘ಪುಸ್’ ಅಂತು. ಮಗಳು ಆಗಲೇ ಮುಂದಿನದಕ್ಕೆ ಬೋಲ್ಟ್ ಎಳೀತಿದ್ಲು! ತಡೆದು, ರೈಫಲ್ ಖಾಲಿ ಮಾಡಿ, ಬೋಲ್ಟ್ ಕಳಚಿ ನಳಿಗೆಗೆ ಬೆಳಕು ಹಾಯಿಸಿದೆ. ಪುಣ್ಯಕ್ಕೆ ಗುಂಡು ಒಳಗೆ ಸಿಕ್ಕಿರಲಿಲ್ಲ. ಸಿಕ್ಕಿಕೊಂಡಿದ್ದು, ಅದರ ಹಿಂದೆಯೇ ಇನ್ನೊಂದು ಹೊಡೆದಿದ್ದರೆ ನಳಿಗೆಯೇ ಉಬ್ಬುತ್ತಿತ್ತು.

ರೈಫಲ್ ಹಿಂದಿನ ವಾರವೇ ಒರೆಸಿದ್ದು. ಬೇರೆ ಕಂಪನಿಯ 40 ಗ್ರೇನ್ ಐವತ್ತಕ್ಕೆ ಐವತ್ತೂ ಹಾರಿತು.

ಬಲ್ಲವರು ದಯವಿಟ್ಟು ಹೇಳಿ, ಉಳಿದ ನಾನೂರನ್ನು ಬಳಸೋದೋ, ಲಾಟ್ ನಂಬರ್ ಸಮೇತ ಕಂಪನಿಗೆ ಬರೆಯೋದೋ? ನಿಮ್ಮ ಅಗ್ಗದ ಡಬ್ಬಿಗಳಲ್ಲಿ ನೂರಕ್ಕೆ ಎಷ್ಟು ಕೈಕೊಡುತ್ತವೆ?